ಮೇಳ ಕಟ್ಟಿದ ಸೋದರರು

ಚಿತ್ರಗೀತೆಯೊಂದು ಕಿವಿಗೆ ಬಿದ್ದೊಡನೆ ಅದನ್ನು ಹಾಡಿದವರು ಯಾರೆಂದು ಎಲ್ಲರೂ ವಿಚಾರಿಸುತ್ತಾರೆ. ಬರೆದ ಕವಿ ಯಾರೆಂದು ಕೆಲವರು ವಿಚಾರಿಸುತ್ತಾರೆ. ರಾಗ ಹಾಕಿದವರು ಯಾರೆಂದು ತಿಳಿಯಬಯಸುವವರೂ ಉಂಟು. ಆದರೆ ಪಲ್ಲವಿ ಮುಗಿದು ಚರಣ ಆರಂಭವಾಗುವುದರೊಳಗೆ ಪಿಟೀಲುಗಳು ಏರಿ, ಕೊಳಲು ಅವಕ್ಕೆ ಉತ್ತರ ಹೇಳಿ, ತಬಲದ ಒಂದು ಮುಕ್ತಾಯದೊಡನೆ ಗಾಯಕನನ್ನು ಮತ್ತೆ ಹಾಡಿನ ಬಾಗಿಲಿಗೆ ತಂದು ನಿಲ್ಲಿಸುತ್ತವಲ್ಲ, ಆ ಅರ್ಧ ನಿಮಿಷದ ವ್ಯವಸ್ಥೆ ಯಾರದೆಂದು ಕೇಳುವವರು ವಿರಳ.

ಕೇಳದಿದ್ದರೂ ಕಿವಿ ಅದನ್ನು ಮರೆಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಕಡೆ ಮದುವೆಯ ದಿಬ್ಬಣದ ಮುಂದೆ ಬ್ಯಾಂಡ್‌ಸೆಟ್ಟಿನವರು ಚಿತ್ರಗೀತೆ ನುಡಿಸುವುದನ್ನು ಗಮನಿಸಿದವರಿಗೆ ಇದು ಗೊತ್ತು. ಕ್ಲಾರಿಯೊನೆಟ್ ಹಿಡಿದವನು ಪಲ್ಲವಿಯನ್ನು ನುಡಿಸಿ ಅಲ್ಲಿಗೇ ನಿಲ್ಲುವುದಿಲ್ಲ. ನಡುವಣ ವಾದ್ಯಭಾಗವನ್ನೂ ಬಿಡದೆ ನುಡಿಸುತ್ತಾನೆ. ಮೂಲದಲ್ಲಿ ಹತ್ತಾರು ಪಿಟೀಲುಗಳು ನುಡಿಸಿದ್ದನ್ನು ಒಂದೇ ಉಸಿರಿನ ವಾದ್ಯಕ್ಕೆ ಇಳಿಸಿಕೊಂಡಿರುತ್ತಾನೆ. ಎಲ್ಲಿಯಾದರೂ ಒಂದು ತುಣುಕು ಬಿಟ್ಟುಹೋದರೆ ಜತೆಯಲ್ಲಿ ನಡೆಯುವ ಹುಡುಗರು ಅದನ್ನು ಬಾಯಿಂದಲೇ ತುಂಬಿಕೊಡುತ್ತಾರೆ. ಮಾತಿಲ್ಲದ ಆ ಭಾಗವೂ ಹಾಡಿನ ಒಡಲೇ ಎಂಬುದನ್ನು ಶಾಸ್ತ್ರ ಓದದ ಜನ ಹೀಗೆ ಒಪ್ಪಿಕೊಂಡಿದ್ದಾರೆ.

ಈ ಕೆಲಸಕ್ಕೆ ವಾದ್ಯಸಂಯೋಜನೆ ಎಂದು ಹೆಸರು. ರಾಗ ಹುಟ್ಟಿದ ಮೇಲೆ ಅದರ ಯಾವ ಭಾಗವನ್ನು ಯಾವ ವಾದ್ಯಕ್ಕೆ ಒಪ್ಪಿಸಬೇಕು, ಎಲ್ಲಿ ಎಲ್ಲ ವಾದ್ಯಗಳೂ ಒಟ್ಟಾಗಿ ಮೊಳಗಬೇಕು, ಎಲ್ಲಿ ಒಂದೇ ತಂತಿ ಮಿಡಿಯಬೇಕು, ಗಾಯಕಿಯ ಕಂಠ ತಾರಸ್ಥಾಯಿಗೆ ಏರುವಾಗ ಕೆಳಗೆ ಯಾವ ಸ್ವರಗಳು ಆಸರೆಯಾಗಿ ನಿಲ್ಲಬೇಕು, ಎಲ್ಲಿ ಏನೂ ಇಲ್ಲದ ಮೌನವಿರಬೇಕು ಎಂದು ಗೊತ್ತುಮಾಡುವುದೇ ಈ ವಿದ್ಯೆ. ನಮ್ಮ ಶಾಸ್ತ್ರೀಯ ಸಂಗೀತ ಒಂದೇ ಎಳೆಯಲ್ಲಿ ಹರಿಯುವಂಥದು. ಗಾಯಕನ ಎಳೆಯನ್ನೇ ಪಿಟೀಲು ಅನುಸರಿಸುತ್ತದೆ, ಮೃದಂಗ ಅದಕ್ಕೆ ನಡೆ ಕೊಡುತ್ತದೆ. ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಸಿ ಒಂದು ನಾದದ ಕಟ್ಟಡವನ್ನು ಎಬ್ಬಿಸುವ ಕ್ರಮ ಪಾಶ್ಚಾತ್ಯರದು. ಈ ಎರಡನ್ನೂ ಒಂದೆಡೆ ಸೇರಿಸುವಾಗ ಗಮಕ ಸಾಯದಂತೆ, ಕಟ್ಟಡವೂ ಕುಸಿಯದಂತೆ ನೋಡಿಕೊಳ್ಳಬೇಕಾದದ್ದು ಭಾರತದ ಚಿತ್ರಸಂಗೀತಗಾರನಿಗೆ ಒದಗಿದ ಕಷ್ಟ.

ವಾದ್ಯಸಂಯೋಜನೆಯನ್ನು ಒಂದು ಸ್ವತಂತ್ರ ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಅಮೆರಿಕದ ಜಾಝ್ ಸಂಗೀತಗಾರರಿಗೆ ದೊಡ್ಡ ಸ್ಥಾನವಿದೆ. ಅಲ್ಲಿನ ಕಪ್ಪು ಜನ ಬೆಳೆಸಿದ ಆ ಸಂಗೀತದಲ್ಲಿ ತುತೂರಿ, ಸ್ಯಾಕ್ಸೊಫೋನ್, ಟ್ರಾಂಬೋನ್‌ಗಳ ದೊಡ್ಡ ಮೇಳಗಳಿದ್ದವು. 1899ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ಹುಟ್ಟಿದ ಡ್ಯೂಕ್ ಎಲಿಂಗ್‌ಟನ್ ಅಂಥ ಮೇಳವೊಂದನ್ನು ಸುಮಾರು ಅರ್ಧ ಶತಮಾನ ನಡೆಸಿದ. ಅವನು ಬರೆಯುತ್ತಿದ್ದುದು ಬರಿಯ ಸ್ಯಾಕ್ಸೊಫೋನ್ ವಾದ್ಯಕ್ಕಾಗಿ ಅಲ್ಲ. ತನ್ನ ಮೇಳದಲ್ಲಿದ್ದ ಜಾನಿ ಹಾಜಸ್ ಎಂಬ ಮನುಷ್ಯನ ಸ್ಯಾಕ್ಸೊಫೋನ್‌ಗಾಗಿ. ಯಾರ ಉಸಿರು ಎಷ್ಟು ದೀರ್ಘ, ಯಾರ ನಾದದಲ್ಲಿ ಮೃದುತ್ವವಿದೆ, ಯಾರದರಲ್ಲಿ ಗುಡುಗಿದೆ ಎಂಬುದೆಲ್ಲ ಅವನಿಗೆ ತಿಳಿದಿತ್ತು. 1939ರಲ್ಲಿ ಬಿಲ್ಲಿ ಸ್ಟ್ರೇಹಾರ್ನ್ ಎಂಬ ತರುಣ ಅವನ ಜತೆ ಸೇರಿದ. 1967ರಲ್ಲಿ ಸ್ಟ್ರೇಹಾರ್ನ್ ತೀರಿಕೊಳ್ಳುವವರೆಗೆ ಇಬ್ಬರೂ ಒಂದೇ ಮೇಳಕ್ಕೆ ಬರೆದರು. ಯಾವುದು ಯಾರ ಕೈ ಎಂದು ಬೇರ್ಪಡಿಸುವುದು ತಜ್ಞರಿಗೂ ಸುಲಭವಾಗಿರಲಿಲ್ಲ. ಆ ಮೇಳದ ಗುರುತಿನ ರಚನೆಯಾದ 'ಟೇಕ್ ದಿ ಎ ಟ್ರೈನ್' ಎಲಿಂಗ್‌ಟನ್ನನದೆಂದು ಲೋಕವೆಲ್ಲ ನಂಬಿದ್ದರೂ ಅದನ್ನು ರಚಿಸಿದವನು ಸ್ಟ್ರೇಹಾರ್ನ್. 1963ರಲ್ಲಿ ಈ ಮೇಳ ಭಾರತಕ್ಕೂ ಬಂದಿತ್ತು. ಆ ಪ್ರವಾಸದ ನೆನಪಿನಿಂದ ಮೂಡಿದ 'ಫಾರ್ ಈಸ್ಟ್ ಸೂಟ್' ಎಂಬ ರಚನಾಮಾಲೆಯಲ್ಲಿ ಆಗ್ರಾದ ಹೆಸರಿನ ಭಾಗವೊಂದಿದೆ.

ಕನ್ನಡ ನಾಡಿನಲ್ಲಿಯೂ ಹೀಗೆ ಎರಡು ಹೆಸರು ಒಂದೇ ನಾದವಾದ ಉದಾಹರಣೆಯುಂಟು. ಅವರು ಮೈಸೂರಿನ ರಾಜನ್ ಮತ್ತು ನಾಗೇಂದ್ರ. ಅಲ್ಲಿ ಇದ್ದದ್ದು ಸ್ನೇಹ, ಇಲ್ಲಿ ಒಡಹುಟ್ಟು. ಅಲ್ಲಿನದು ನೃತ್ಯಶಾಲೆ ಮತ್ತು ಸಭಾಂಗಣಗಳ ಸಂಗೀತ, ಇಲ್ಲಿನದು ಚಿತ್ರಮಂದಿರದ ಸಂಗೀತ. ಸೋದರರು ಜಾಝ್ ಸಂಗೀತಗಾರರೆಂದು ಹೇಳಿದರೆ ತಪ್ಪಾದೀತು. ಆದರೆ ಹಲವು ವಾದ್ಯಗಳನ್ನು ಕಲೆಹಾಕಿ, ಅವುಗಳ ನಡುವೆ ಮಾತುಕತೆ ಏರ್ಪಡಿಸಿ, ಆ ಮಾತುಕತೆಯನ್ನು ಸಾಮಾನ್ಯ ಜನರ ನಾಲಗೆಯ ಮೇಲೆ ನಿಲ್ಲಿಸಿದ ಸಾಧನೆಯಲ್ಲಿ ಅವರನ್ನು ಆ ಸಾಲಿನಲ್ಲಿಟ್ಟು ನೋಡಲು ಸಂಕೋಚಪಡಬೇಕಾಗಿಲ್ಲ.

ರಾಜನ್ ಹುಟ್ಟಿದ್ದು 1933ರಲ್ಲಿ, ನಾಗೇಂದ್ರ 1935ರಲ್ಲಿ. ಮನೆ ಮೈಸೂರಿನ ಶಿವರಾಮಪೇಟೆಯಲ್ಲಿ. ಆ ಪೇಟೆಯ ಹೆಸರನ್ನು ಸಂಗೀತರಸಿಕರು ಗೌರವದಿಂದ ನೆನೆಯುತ್ತಾರೆ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇರುವುದು ಅಲ್ಲಿಯೇ. ಪಿಟೀಲು ವಿದ್ವಾನ್ ಚೌಡಯ್ಯನವರು ಅದೇ ಕೃಷ್ಣಪ್ಪನವರ ಶಿಷ್ಯರು. ಅಂಥ ಬೀದಿಯಲ್ಲಿ ಬೆಳೆಯುವ ಮಕ್ಕಳಿಗೆ ಕಚೇರಿ ಕೇಳಲು ದೂರ ಹೋಗಬೇಕಾಗಿರಲಿಲ್ಲ.

ಊರಿನ ಇನ್ನೊಂದು ಬದಿಯಲ್ಲಿ ಅರಮನೆಯಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳ ಜತೆಗೆ ಪಿಯಾನೊ, ಸ್ಯಾಕ್ಸೊಫೋನ್‌ಗಳನ್ನೂ ಬಲ್ಲವರೆಂದು ಪ್ರಸಿದ್ಧಿ. ಅವರ ಆಸ್ಥಾನದಲ್ಲಿ ವಿದ್ವಾಂಸರ ಕಚೇರಿಗಳು ನಡೆಯುತ್ತಿದ್ದಂತೆಯೇ ಜರ್ಮನಿಯ ಆಟ್ಟೋ ಸ್ಮಿಟ್ ಎಂಬವರು ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದರು. ಜಯಚಾಮರಾಜ ಒಡೆಯರು ಕನ್ನಡನಾಡಿನಲ್ಲಿ ಕೃತಿಗಳನ್ನು ರಚಿಸುತ್ತಲೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಚೇರಿ ಸಂಘದ ಮೊದಲ ಅಧ್ಯಕ್ಷರಾದರು. ರಾಜ್ಯ ವಿಲೀನವಾದ ಮೇಲೆ ಅರಮನೆಯ ಬ್ಯಾಂಡುಗಳು ಪೊಲೀಸ್ ಇಲಾಖೆಗೆ ಸೇರಿದವು. ದಸರೆಯ ದಿನಗಳಲ್ಲಿ ಕರ್ನಾಟಕ ಬ್ಯಾಂಡನ್ನೂ ಇಂಗ್ಲಿಷ್ ಬ್ಯಾಂಡನ್ನೂ ಇಂದಿಗೂ ಕೇಳಬಹುದು. ತುತೂರಿಯಲ್ಲಿ ತ್ಯಾಗರಾಜರ ಕೃತಿ ನುಡಿದರೆ ಹುಬ್ಬೇರಿಸದ ಊರು ಮೈಸೂರು. ದೇಶಿ, ವಿದೇಶಿ ಎಂಬ ಭೇದವಿಲ್ಲದೆ ವಾದ್ಯಗಳನ್ನು ಕಾಣುವ ದೃಷ್ಟಿ ಆ ಊರಿನ ಗಾಳಿಯಲ್ಲಿಯೇ ಇತ್ತು.

ಸೋದರರ ತಂದೆ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲು ನುಡಿಸುತ್ತಿದ್ದರು. ಮೂಕಿ ಚಿತ್ರಗಳ ಕಾಲದಲ್ಲಿ ಪ್ರದರ್ಶನಕ್ಕೆ ವಾದ್ಯ ನುಡಿಸಿದವರು ಅವರು. ಈ ಸಂಗತಿ ಸಣ್ಣದಲ್ಲ. ಮೂಕಿ ಚಿತ್ರಕ್ಕೆ ನುಡಿಸುವವನು ಕಣ್ಣನ್ನು ತೆರೆಯ ಮೇಲೆ ನೆಟ್ಟು ಕೈಯನ್ನು ವಾದ್ಯದ ಮೇಲಿಡಬೇಕು. ಕುದುರೆ ಓಡಿದರೆ ನಡೆ ಚುರುಕಾಗಬೇಕು, ತಾಯಿ ಅತ್ತರೆ ಸ್ವರ ಇಳಿಯಬೇಕು, ಕಳ್ಳ ಹೊಂಚುಹಾಕಿದರೆ ನಾದ ಅಡಗಿ ಕುಳಿತಿರಬೇಕು. ರಾಗವೆಂಬುದು ಒಂದು ಸನ್ನಿವೇಶದ ಸೇವೆಗೆ ನಿಂತಿದೆ ಎಂಬ ಪಾಠವನ್ನು ಈ ಮಕ್ಕಳು ಯಾವ ಶಾಲೆಗೂ ಹೋಗದೆ ಮನೆಯಲ್ಲಿಯೇ ಪಡೆದರು.

ಇಬ್ಬರೂ ಆರಿಸಿಕೊಂಡ ವಾದ್ಯಗಳು ಗಮನಾರ್ಹ. ರಾಜನ್ ಪಿಟೀಲು ಕಲಿತರು, ನಾಗೇಂದ್ರ ಜಲತರಂಗ ಕಲಿತರು. ಪಿಟೀಲಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುತ್ತದೆ, ನಡುವೆ ಬಿರುಕಿಲ್ಲ. ಜಲತರಂಗದಲ್ಲಿ ಪ್ರತಿ ಸ್ವರಕ್ಕೂ ಒಂದೊಂದು ಪಿಂಗಾಣಿ ಬಟ್ಟಲು. ನೀರನ್ನು ಹನಿಹನಿಯಾಗಿ ಕೂಡಿಸಿ ಕಳೆದು ಶ್ರುತಿ ಸರಿಪಡಿಸಿಕೊಂಡ ಮೇಲೆಯೇ ಕಡ್ಡಿಯಿಂದ ತಟ್ಟಬೇಕು. ಅಲ್ಲಿ ಸ್ವರಗಳು ಬಿಡಿಬಿಡಿಯಾಗಿ, ಮುತ್ತಿನಂತೆ ಉದುರುತ್ತವೆ. ಒಂದು ಹರಿಯುವ ವಾದ್ಯ, ಇನ್ನೊಂದು ಮಿಡಿಯುವ ವಾದ್ಯ. ಮುಂದೆ ಈ ಸೋದರರ ಹಾಡುಗಳಲ್ಲಿ ಪಿಟೀಲುಗಳ ದೀರ್ಘವಾದ ಎಳೆಗಳ ನಡುವೆ ಬಿಡಿ ಸ್ವರಗಳು ಚಿಮುಕಿಸಿದಂತೆ ಬಂದಾಗಲೆಲ್ಲ ಈ ಎರಡು ವಾದ್ಯಗಳ ಮನೆತನ ನೆನಪಾಗುವುದು ಸಹಜ. ನಾಗೇಂದ್ರರಿಗೆ ಕಂಠವೂ ಇತ್ತು. ಚಿತ್ರಗಳಲ್ಲಿ ಹಾಡಿಯೂ ಇದ್ದರು.

ಇಪ್ಪತ್ತರ ಆಸುಪಾಸಿನಲ್ಲಿಯೇ, 1950ರ ದಶಕದ ಆದಿಯಲ್ಲಿ, ಬಿ. ವಿಠಲಾಚಾರ್ಯರ 'ಸೌಭಾಗ್ಯಲಕ್ಷ್ಮಿ' ಚಿತ್ರದ ಮೂಲಕ ಅವರು ಸಂಗೀತ ನಿರ್ದೇಶಕರಾದರು. ಮುಂದೆ ಜಾನಪದ ಕಥೆ, ಮಾಯಾಮಂತ್ರಗಳ ಚಿತ್ರಗಳಿಗೆ ಆಂಧ್ರದಲ್ಲಿ ಹೆಸರಾದ ವಿಠಲಾಚಾರ್ಯರೇ ಇವರು. ಅಂದಿನ ಕನ್ನಡ ಚಿತ್ರಗಳಿಗೆ ಹಣ ಕಡಿಮೆ, ಮಾರುಕಟ್ಟೆ ಚಿಕ್ಕದು. ಧ್ವನಿಮುದ್ರಣಕ್ಕೆ ಮದರಾಸಿಗೇ ಹೋಗಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವ ಸ್ಟುಡಿಯೋದಲ್ಲಿ ಬೇಕಾದಷ್ಟು ವಾದ್ಯಗಾರರನ್ನು ಕೂರಿಸುವ ಅನುಕೂಲ ಎಲ್ಲ ನಿರ್ಮಾಪಕರಿಗೂ ಇರಲಿಲ್ಲ. ಕೆಲವೇ ವಾದ್ಯಗಳಿಂದ ತುಂಬಿದ ನಾದವನ್ನು ತೆಗೆಯುವ ಜಾಣ್ಮೆ ಆ ಬಡತನದಲ್ಲಿ ಬೆಳೆಯಿತು.

ಆ ಕಾಲದ ಧ್ವನಿಮುದ್ರಣ ಹೇಗೆ ನಡೆಯುತ್ತಿತ್ತೆಂದು ಇಂದಿನ ತರುಣರಿಗೆ ವಿವರಿಸಿದರೆ ಅಚ್ಚರಿಪಟ್ಟಾರು. ಗಾಯಕ, ಗಾಯಕಿ, ಪಿಟೀಲಿನವರು, ಕೊಳಲಿನವರು, ತಾಳವಾದ್ಯದವರು ಎಲ್ಲರೂ ಒಂದೇ ಹೊತ್ತಿನಲ್ಲಿ ನುಡಿಸಿ ಹಾಡಬೇಕು. ಬಿಡಿಬಿಡಿಯಾಗಿ ಮುದ್ರಿಸಿ ಆಮೇಲೆ ಜೋಡಿಸುವ ಸೌಕರ್ಯವಿರಲಿಲ್ಲ. ಮೂರು ನಿಮಿಷದ ಹಾಡಿನ ಕೊನೆಯಲ್ಲಿ ಒಬ್ಬ ವಾದ್ಯಗಾರ ಒಂದು ಸ್ವರ ತಪ್ಪಿದರೆ ಮತ್ತೆ ಮೊದಲಿನಿಂದ. ಕೆಲವರು ಪಾಶ್ಚಾತ್ಯ ಸ್ವರಲಿಪಿ ಓದಬಲ್ಲವರು, ಕೆಲವರು ಸರಿಗಮ ಬರೆದುಕೊಂಡು ನುಡಿಸುವವರು, ಇನ್ನು ಕೆಲವರು ಬರೆದದ್ದನ್ನು ನೋಡದೆ ಕಿವಿಯಿಂದಲೇ ಹಿಡಿಯುವವರು. ಇವರೆಲ್ಲರನ್ನೂ ಒಂದು ಕೈಸನ್ನೆಗೆ ತರಬೇಕಾದವನು ಮೇಳ ಕಟ್ಟುವವನು. ಆ ಕೋಣೆಗಳಲ್ಲಿ ಎಂಥೆಂಥವರು ದುಡಿದಿದ್ದರೆಂಬುದಕ್ಕೆ ಒಂದು ನಿದರ್ಶನ ಸಾಕು: ಜಿ.ಕೆ. ವೆಂಕಟೇಶರ ಕನ್ನಡ ಚಿತ್ರಗಳಿಗೆ ಗಿಟಾರ್ ನುಡಿಸಿ, ಸಹಾಯಕನಾಗಿ ವಾದ್ಯಸಂಯೋಜನೆ ಮಾಡಿದ ಯುವಕನೊಬ್ಬ ಮುಂದೆ ಇಳಯರಾಜ ಎಂದು ಪ್ರಸಿದ್ಧನಾದ.

ಸೋದರರ ಬಾಳಿನಲ್ಲಿ ಮೈಸೂರು ಸೀಮೆಯ ಎರಡು ಊರುಗಳು ಎರಡು ಬಗೆಯ ಪರೀಕ್ಷೆಗಳನ್ನು ಒಡ್ಡಿದವು. ಮೊದಲನೆಯದು ಹುಣಸೂರು. 1914ರಲ್ಲಿ ಅಲ್ಲಿ ಹುಟ್ಟಿ, ನಾಟಕ ಕಂಪೆನಿಗಳಲ್ಲಿ ಪಳಗಿ, ಸಂಭಾಷಣೆ ಹಾಗೂ ಗೀತೆಗಳನ್ನು ಬರೆದು ನಿರ್ದೇಶಕರಾದ ಹುಣಸೂರು ಕೃಷ್ಣಮೂರ್ತಿಯವರು 1962ರಲ್ಲಿ 'ರತ್ನಮಂಜರಿ'ಯನ್ನೂ 1964ರಲ್ಲಿ 'ವೀರಸಂಕಲ್ಪ'ವನ್ನೂ ತೆಗೆದರು. ಎರಡಕ್ಕೂ ರಾಜನ್-ನಾಗೇಂದ್ರರ ಸಂಗೀತ. ರಂಗಭೂಮಿಯಿಂದ ಬಂದವರಿಗೆ ಹಾಡು ಎಂದರೆ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಮುಟ್ಟಬೇಕಾದ ವಸ್ತು. 'ರತ್ನಮಂಜರಿ'ಯ ಗೆಜ್ಜೆಯ ಹಾಡು ಮುಟ್ಟಿತು. ಟೆಂಟು ಸಿನಿಮಾಗಳ ಆ ಕಾಲದಲ್ಲಿ ಆಟ ಆರಂಭವಾಗುವ ಮುನ್ನ ಧ್ವನಿವರ್ಧಕದಲ್ಲಿ ಹಾಡಿನ ತಟ್ಟೆಗಳನ್ನು ಹಾಕುವ ಪದ್ಧತಿಯಿತ್ತು. ಹೊಲದ ಕೆಲಸ ಮುಗಿಸಿದ ಸುತ್ತಲ ಹಳ್ಳಿಯವರಿಗೆ ಅದೇ ಕರೆ. ಅಷ್ಟು ದೂರ ಗಾಳಿಯಲ್ಲಿ ಸಾಗಿ ಬರುವ ನಾದದಲ್ಲಿ ಸೂಕ್ಷ್ಮಗಳೆಲ್ಲ ಕರಗಿ, ಗಟ್ಟಿಯಾದ ಗೆರೆ ಮಾತ್ರ ಉಳಿಯುತ್ತದೆ. ಮೊದಲ ಎರಡು ಸ್ವರ ಕೇಳಿದೊಡನೆ ಹಾಡು ಯಾವುದೆಂದು ತಿಳಿಯುವಂತೆ ಪೀಠಿಕೆ ಕಟ್ಟುವ ಕಲೆ ಅಂಥ ಕೇಳುಗರನ್ನು ಉದ್ದೇಶಿಸಿಯೇ ರೂಪುಗೊಂಡಿರಬೇಕು.

ಎರಡನೆಯ ಪರೀಕ್ಷೆ ಬಂದದ್ದು ಹೆಗ್ಗಡದೇವನಕೋಟೆಯ ಕಡೆಯಿಂದ. ಆ ತಾಲ್ಲೂಕಿನ ಆಲನಹಳ್ಳಿಯಲ್ಲಿ 1947ರಲ್ಲಿ ಜನಿಸಿದ ಶ್ರೀಕೃಷ್ಣ ಆಲನಹಳ್ಳಿಯವರ 'ಪರಸಂಗದ ಗೆಂಡೆತಿಮ್ಮ' ಕಾದಂಬರಿ 1978ರಲ್ಲಿ ಮಾರುತಿ ಶಿವರಾಂ ಅವರ ನಿರ್ದೇಶನದಲ್ಲಿ ಚಿತ್ರವಾಯಿತು. ಹಳ್ಳಿಯಿಂದ ಹಳ್ಳಿಗೆ ಸುತ್ತಿ ಪೇಟೆಯ ಸಾಮಾನು ಮಾರುವ ಮುಗ್ಧನೊಬ್ಬನ ಕಥೆ ಅದು. ಪೇಟೆಯ ಬೆಡಗು ಹಳ್ಳಿಯನ್ನು ಹೊಕ್ಕಾಗ ಆಗುವ ಅನಾಹುತದ ಕಥೆ. ಲೋಕೇಶ್ ಗೆಂಡೆತಿಮ್ಮನಾದರು. ದೊಡ್ಡರಂಗೇಗೌಡರು ಗ್ರಾಮೀಣ ನುಡಿಗಟ್ಟಿನಲ್ಲಿ ಗೀತೆಗಳನ್ನು ಬರೆದರು. ಮದರಾಸಿನ ವಾದ್ಯವೃಂದದ ವೈಭವವನ್ನು ಹಾಗೆಯೇ ಇದರ ಮೇಲೆ ಹೊದಿಸಿದ್ದರೆ ಗೆಂಡೆತಿಮ್ಮನ ಸರಳತೆ ಅಡಿಯಲ್ಲಿ ಸಿಕ್ಕಿ ಉಸಿರುಗಟ್ಟುತ್ತಿತ್ತು. ಆದರೆ ಆ ಹಾಡುಗಳಲ್ಲಿ ನುಡಿಯ ಒರಟು ಸೊಗಸು ಮುಂದೆ ನಿಂತಿದೆ, ವಾದ್ಯಗಳು ಅದಕ್ಕೆ ದಾರಿ ಬಿಟ್ಟುಕೊಟ್ಟಿವೆ. ರಾಜಕುಮಾರಿಯ ಕಥೆಗೆ ಆಭರಣ ತೊಡಿಸಿದ ಕೈಗಳೇ ಕಾಲ್ನಡಿಗೆಯ ವ್ಯಾಪಾರಿಗೆ ಹೊಂದುವ ಉಡುಪನ್ನೂ ಹೊಲಿದವು. ಮೇಳ ಕಟ್ಟುವವನಿಗೆ ತುಂಬುವುದು ಗೊತ್ತಿದ್ದರೆ ಸಾಲದು, ಬಿಡುವುದೂ ಗೊತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ಎರಡು ಚಿತ್ರಗಳ ನಡುವಣ ವರ್ಷಗಳು ಸೋದರರ ಕೀರ್ತಿ ಏರಿದ ವರ್ಷಗಳು. 1973ರ 'ಗಂಧದ ಗುಡಿ'ಯಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ, ಚಿ. ಉದಯಶಂಕರ್ ಬರೆದ ನಾಡನುಡಿಯ ಹಾಡು ರಾಜ್ಯೋತ್ಸವದ ವೇದಿಕೆಗಳಲ್ಲಿ ನಾಡಗೀತೆಯ ಗೌರವದಿಂದ ಹಾಡಲ್ಪಡುತ್ತದೆ. ಬಳಿಕ ಕಾದಂಬರಿಗಳ ಕಾಲ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕಾದು ಓದುತ್ತಿದ್ದ ಕುಟುಂಬಗಳೇ ಅವುಗಳ ಚಿತ್ರರೂಪವನ್ನೂ ನೋಡಲು ಹೋದವು. ದೊರೆ-ಭಗವಾನ್ ಎಂಬ ಇನ್ನೊಂದು ಜೋಡಿ ವಾಣಿಯವರ 'ಎರಡು ಕನಸು' ಕಾದಂಬರಿಯನ್ನು 1974ರಲ್ಲಿ, ಭಾರತೀಸುತರ 'ಬಯಲು ದಾರಿ'ಯನ್ನು 1976ರಲ್ಲಿ ತೆರೆಗೆ ತಂದಿತು. ಉಷಾ ನವರತ್ನರಾಂ ಅವರ 'ಹೊಂಬಿಸಿಲು' 1978ರಲ್ಲಿ ಗೀತಪ್ರಿಯರ ನಿರ್ದೇಶನದಲ್ಲಿ ಬಂದಿತು. ಇವೆಲ್ಲಕ್ಕೂ ರಾಜನ್-ನಾಗೇಂದ್ರರೇ. ಕಾದಂಬರಿಯಲ್ಲಿ ಲೇಖಕಿ ಎರಡು ಪುಟಗಳಲ್ಲಿ ವರ್ಣಿಸಿದ ನಾಯಕಿಯ ಮೌನವನ್ನು ಚಿತ್ರದಲ್ಲಿ ಸಂಭಾಷಣೆ ಹೇಳಲಾರದು. ಆ ಮೌನವನ್ನು ನುಡಿಸಬೇಕಾದದ್ದು ಹಾಡಿನ ನಡುವಣ ವಾದ್ಯಭಾಗ. ಓದಿದ ಕಥೆ ಕಣ್ಣೆದುರಿಗೆ ಬಂದಾಗ ಓದುಗರಿಗೆ ನಿರಾಶೆಯಾಗದಿರಲು ಈ ಸಂಗೀತ ಬಹುಮಟ್ಟಿಗೆ ಕಾರಣ.

ಎಲಿಂಗ್‌ಟನ್ ತನ್ನ ವಾದ್ಯಗಾರರನ್ನು ಅರಿತು ಬರೆದಂತೆ ಇವರು ಕಂಠಗಳನ್ನರಿತು ರಾಗ ಹಾಕಿದರು. ಶ್ರೀನಿವಾಸರ ಮಂದ್ರದ ಮಾರ್ದವಕ್ಕೆ ಒಂದು ಬಗೆ, ಜಾನಕಿಯವರ ಸೂಕ್ಷ್ಮ ಸಂಚಾರಗಳಿಗೆ ಒಂದು ಬಗೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಉಲ್ಲಾಸಕ್ಕೆ ಇನ್ನೊಂದು ಬಗೆ. 1976ರ 'ನಾ ನಿನ್ನ ಮರೆಯಲಾರೆ'ಯಲ್ಲಿ ರಾಜ್‌ಕುಮಾರ್ ತಾವೇ ಹಾಡಿದಾಗ, ರಂಗಭೂಮಿಯಲ್ಲಿ ತೆರೆದುಕೊಂಡ ಆ ಕಂಠಕ್ಕೆ ಬೇಕಾದ ಬಯಲನ್ನು ವಾದ್ಯಗಳ ನಡುವೆ ಬಿಟ್ಟುಕೊಟ್ಟರು. ಒಳ್ಳೆಯ ರಾಗಕ್ಕೆ ಭಾಷೆಯ ಗಡಿಯಿಲ್ಲವೆಂಬುದೂ ತಿಳಿಯಿತು. 'ಎರಡು ಕನಸು' ತೆಲುಗಿನಲ್ಲಿ 1975ರಲ್ಲಿ 'ಪೂಜ' ಎಂದಾದಾಗ ಇವರ ಕನ್ನಡದ ರಾಗ ತೆಲುಗಿನ ಮಾತು ತೊಟ್ಟು ಅಲ್ಲಿಯೂ ಮನೆಮಾತಾಯಿತು.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದರಲ್ಲಿ ಅಣ್ಣನದೆಷ್ಟು, ತಮ್ಮನದೆಷ್ಟು? ನಾಲ್ಕು ದಶಕಗಳಿಗೂ ಮಿಕ್ಕ ಕಾಲ ತಟ್ಟೆಯ ಮೇಲೂ ತೆರೆಯ ಮೇಲೂ ಎರಡು ಹೆಸರು ಒಂದು ಅಡ್ಡಗೆರೆಯಿಂದ ಕೂಡಿಯೇ ಅಚ್ಚಾದವು. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ನಾಡಿನಲ್ಲಿ, ಕೀರ್ತಿಯಂಥ ಜಾರುವ ಆಸ್ತಿಯನ್ನು ಪಾಲು ಮಾಡಿಕೊಳ್ಳದೆ ಬಾಳಿದ್ದು ಸಾಮಾನ್ಯ ಸಂಗತಿಯಲ್ಲ. ಇನ್ನೂ ಒಂದು ಪ್ರಶ್ನೆಯುಂಟು, ಅದು ಕಠಿನವಾದದ್ದು. ಈ ಎರಡು ಹೆಸರುಗಳ ಹಿಂದೆ ಕುಳಿತು ಪಿಟೀಲು, ಕೊಳಲು, ಸಿತಾರು, ತಬಲ ನುಡಿಸಿದವರ ಹೆಸರುಗಳು ಎಲ್ಲಿ? ತಟ್ಟೆಯ ನಡುವಣ ಕಾಗದದಲ್ಲಿ ಚಿತ್ರದ ಹೆಸರಿಗೆ, ಗಾಯಕರ ಹೆಸರಿಗೆ ಜಾಗವಿತ್ತು, ಅವರಿಗೆ ಇರಲಿಲ್ಲ. ಅವರು ದಿನದ ಕೂಲಿ ಪಡೆದು, ವಾದ್ಯವನ್ನು ಚೀಲಕ್ಕೆ ಸೇರಿಸಿ, ಮರುದಿನ ಇನ್ನೊಂದು ಭಾಷೆಯ ಇನ್ನೊಂದು ಹಾಡಿಗೆ ಹೋದರು. ಯಂತ್ರಗಳು ಬೆಳೆದು ಒಂದೇ ಕೀಲಿಮಣೆಯಿಂದ ಹಲವು ವಾದ್ಯಗಳ ಸದ್ದು ತೆಗೆಯುವ ಕಾಲ ಬಂದಾಗ ಅವರಲ್ಲಿ ಎಷ್ಟೋ ಮಂದಿಗೆ ಕರೆ ಬರುವುದು ನಿಂತಿತು. ಹಾಡು ಉಳಿದಿದೆ, ಹಾಡಿನೊಳಗೆ ಅವರ ಬೆರಳಿನ ಗುರುತು ಉಳಿದಿದೆ, ಹೆಸರು ಮಾತ್ರ ಉಳಿಯಲಿಲ್ಲ. ಹಳೆಯ ಹಾಡನ್ನು ಮೆಚ್ಚಿ ಕೇಳುವ ಕುಟುಂಬಗಳು ಒಮ್ಮೆಯಾದರೂ ಮಾತು ನಿಂತ ಜಾಗದಲ್ಲಿ ಕಿವಿಗೊಟ್ಟರೆ ಆ ಋಣ ಸ್ವಲ್ಪವಾದರೂ ಸಂದೀತು.

2000ದ ನವೆಂಬರಿನಲ್ಲಿ ನಾಗೇಂದ್ರರು ತೀರಿಕೊಂಡರು. ರಾಜನ್ ಇನ್ನೂ ಇಪ್ಪತ್ತು ವರ್ಷ ಬಾಳಿದರು. ಬೆಂಗಳೂರಿನಲ್ಲಿ ಮುಂದಿನ ಪೀಳಿಗೆಯ ಮಕ್ಕಳಿಗೆ ಸಂಗೀತ ಹೇಳಿಕೊಟ್ಟರು. ಜತೆಯಾಗಿ ದುಡಿದ ಇಬ್ಬರಲ್ಲಿ ಹಿಂದೆ ಉಳಿದವನ ಪಾಡು ಹೇಗಿರುತ್ತದೆಂಬುದು ಜಲತರಂಗವಿಲ್ಲದ ಪಿಟೀಲಿಗೆ ಗೊತ್ತು. 2020ರ ಅಕ್ಟೋಬರ್ 11ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ ಅವರೂ ಕಣ್ಮುಚ್ಚಿದರು. ಸುದ್ದಿ ಕೇಳಿದ ಕನ್ನಡಿಗರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ರಾಜನ್ ಹೋದರೆಂದಲ್ಲ; ರಾಜನ್-ನಾಗೇಂದ್ರರಲ್ಲಿ ರಾಜನ್ ಹೋದರೆಂದು.